ತೋಳಿನ ಮೇಲಿನ ಬಿಳಿ ಗೆರೆ

ಶಹಾಪುರದ ಬಜಾರಿನಲ್ಲಿ ಹೊಸದಾಗಿ ಗಾಣದ ಎಣ್ಣೆಯ ಅಂಗಡಿ ತೆರೆದಿದ್ದಾರೆ, ನೋಡಿ ಬರೋಣ ಬನ್ನಿ ಎಂದು ಹೋದ ತಿಂಗಳು ನೆರೆಮನೆಯಾಕೆ ನನ್ನನ್ನು ಎಳೆದುಕೊಂಡು ಹೋದಳು. ನನಗೇನೂ ಎಣ್ಣೆ ಬೇಕಾಗಿರಲಿಲ್ಲ. ನಿವೃತ್ತಿಯಾದ ಟೀಚರಿಗೆ ಬಜಾರಿಗೆ ಹೋಗಲು ಕಾರಣ ಬೇಕೆ? ಹೋದೆ. ಅಂಗಡಿಯವನು ಮಾತುಗಾರ. ಕೈ ಚಾಚಿ ಎಂದು ಹೇಳಿ ನನ್ನ ಮುಂಗೈ ಮೇಲೆ ನಾಲ್ಕು ಹನಿ ಎಣ್ಣೆ ಬಿಟ್ಟ. "ತಿಕ್ಕಿ ವಾಸನಿ ನೋಡ್ರಿ ಅಮ್ಮಾ. ಖರೇ ಕುಸುಬಿ ಎಣ್ಣಿ. ಹಿಂತಾದು ಈಗ ಎಲ್ಲಿ ಸಿಗತದ?" ಎಂದ.

ತಿಕ್ಕಿದೆ. ಮೂಗಿನ ಹತ್ತಿರ ತಂದೆ. ಅಷ್ಟೆ... ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

"ಯಾಕ್ರಿ ಟೀಚರ್, ಬಿಸಲಿಗಿ ತಲಿ ತಿರಗತೇನು?" ಎಂದಳು ನೆರೆಮನೆಯಾಕೆ. ಇಲ್ಲವ್ವ, ಹಳೆಯದೇನೋ ನೆನಪಾಯಿತು ಎಂದೆ. ಆ ಹಳೆಯದು ಬಜಾರಿನ ಗದ್ದಲದ ನಡುವೆ ನಿಂತು ಹೇಳುವಂಥದ್ದಾಗಿರಲಿಲ್ಲ. ಅಂಗಡಿಯವನು ಬೇಸರ ಮಾಡಿಕೊಂಡಾನೆಂದು ಒಂದು ಬಾಟಲಿ ಕೊಂಡು ಮನೆಗೆ ಬಂದೆ. ಅದು ಇನ್ನೂ ಹಾಗೆಯೇ ಅಡುಗೆಮನೆಯಲ್ಲಿ ಕೂತಿದೆ.

ನೆನಪಾದದ್ದು ನಮ್ಮ ಹೆಡ್‌ಮಾಸ್ತರರು. ಅವರು ತೀರಿಕೊಂಡು ಆಗಲೇ ಕೆಲವು ತಿಂಗಳಾಗಿದ್ದವು.

ನಾನು ಯಾದಗಿರಿಯಲ್ಲಿ ಹುಟ್ಟಿ ಬೆಳೆದವಳು. ನೌಕರಿ ಸಿಕ್ಕಿ ಮೊದಲು ಹೋದದ್ದು ಸಗರದ ಆಚೆಗಿನ ಒಂದು ಸಣ್ಣ ಊರಿನ ಶಾಲೆಗೆ. ಆಗ ಆ ಭಾಗಕ್ಕೆ ಕಾಲುವೆಯ ನೀರು ಬಂದ ಹೊಸದು. ಜೋಳ, ತೊಗರಿ ಬಿಟ್ಟರೆ ಬೇರೇನೂ ಕಾಣದ ಕರಿ ಎರೆಮಣ್ಣಿನಲ್ಲಿ ಭತ್ತದ ಮಡಿಗಳು ಎದ್ದಿದ್ದವು. ಹೆಣ್ಣುಮಕ್ಕಳು ಸೀರೆ ಎತ್ತಿಕಟ್ಟಿ ಕೆಸರಿನಲ್ಲಿ ನಾಟಿ ಹಚ್ಚುವುದನ್ನು ಕಲಿಯುತ್ತಿದ್ದರು, ಕಲಿಯುತ್ತ ಬಿದ್ದು ನಗುತ್ತಿದ್ದರು. ಊರಿನ ಮುದುಕರು ಸಂಜೆಗೆ ಕಾಲುವೆ ದಂಡೆಗೆ ಹೋಗಿ, ಏನೂ ಕೆಲಸವಿಲ್ಲದೆ, ಬರೀ ನೀರು ಹರಿಯುವುದನ್ನು ನೋಡುತ್ತ ಕೂಡುತ್ತಿದ್ದರು. ಹುಡುಗರಿಗಂತೂ ಕೇಳುವುದೇ ಬೇಡ. ಅಲ್ಲಿಯವರೆಗೆ ಅವರು ಕಂಡ ದೊಡ್ಡ ನೀರೆಂದರೆ ಊರ ಬಾವಿ. ಈಗ ಶಾಲೆಯ ಹಿಂದೆಯೇ, ಎರಡು ಹೊಲ ದಾಟಿದರೆ, ದಂಡೆ ತುಂಬಿ ಹರಿಯುವ ಕಾಲುವೆ.

ಆ ಕಾಲುವೆ ನೋಡಲು ಸಾಧು, ಒಳಗೆ ಅಲ್ಲ. ಎರಡೂ ಕಡೆ ಇಳಿಜಾರು ಕಲ್ಲು, ಅದರ ಮೇಲೆ ಪಾಚಿ. ಇಳಿಯುವುದು ಸುಲಭ, ಹತ್ತುವುದು ಕಷ್ಟ. ಸುರಪುರದ ಕಡೆಯ ಯಾವುದೋ ಹಳ್ಳಿಯಲ್ಲಿ ಒಬ್ಬ ಹುಡುಗ ಕಾಲುವೆಯಲ್ಲಿ ಮುಳುಗಿ ಹೋದ ಎಂಬ ಸುದ್ದಿ ಬಂದ ದಿನವೇ ನಮ್ಮ ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಹುಣಸೆ ಬರಲು, ಆ ಸಪೂರ ಛಡಿ, ಎತ್ತಿ ತೋರಿಸಿ, ಕಾಲುವೆಗೆ ಇಳಿದವನ ಅಂಗೈ ಸುಲಿಯುತ್ತೇನೆ ಎಂದರು.

ಅವರು ದೇವಾಪುರದ ಕಡೆಯವರು. ಎತ್ತರದ ಆಳು. ಬಿಳಿ ಧೋತರ, ತೋಳು ಮಡಚಿದ ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ಕೆಟ್ಟ ಮನುಷ್ಯರೆಂದು ಯಾರೂ ಹೇಳುವಂತಿರಲಿಲ್ಲ. ಮಗ್ಗಿ ಹೇಳಿಕೊಡಲು ಕೂತರೆ ಹಾಡು ಕಲಿಸಿದಂತೆ ಕಲಿಸುತ್ತಿದ್ದರು. ಬರೆಯುವ ಪಾಟಿ ಒಡೆದುಕೊಂಡ ಬಡ ಹುಡುಗನಿಗೆ ಸದ್ದಿಲ್ಲದೆ ಹೊಸ ಪಾಟಿ ತಂದುಕೊಡುತ್ತಿದ್ದರು. ಆದರೆ ಏಟಿನ ಮೇಲೆ ಅವರಿಗಿದ್ದ ನಂಬಿಕೆ ಶಿವನ ಮೇಲಿದ್ದ ನಂಬಿಕೆಗಿಂತ ಕಡಿಮೆಯದಲ್ಲ. "ದಂಡಂ ದಶಗುಣಂ ಅಂತ ಸುಮ್ಮ ಅಂದಾರೇನ್ರಿ ಟೀಚರ್? ನಮ್ಮ ಮಾಸ್ತರ್ ನಮ್ಮನ್ನ ಹೊಡದ್ರು, ನಾವು ಇಲ್ಲಿ ಕುಂತೀವಿ" ಎನ್ನುತ್ತಿದ್ದರು. ಹೊಡೆಸಿಕೊಂಡೂ ಎಲ್ಲಿಯೂ ಹೋಗಿ ಕೂರಲಾಗದವರ ಲೆಕ್ಕ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಆಗ ಹೊಸಬಳು, ನನಗೂ ಅದು ಹೊಳೆದಿರಲಿಲ್ಲ.

ನೀರಿಗೆ ಇಳಿದವರನ್ನು ಹಿಡಿಯಲು ಅವರ ಹತ್ತಿರ ಒಂದು ಉಪಾಯವಿತ್ತು. ನಮ್ಮ ಕಡೆ ತಾಯಂದಿರಿಗೆಲ್ಲ ಗೊತ್ತಿರುವುದೇ. ನೀರಿನಲ್ಲಿ ಬಹಳ ಹೊತ್ತು ಆಡಿ ಮೈ ಒಣಗಿದರೆ ಚರ್ಮ ಬಿರುಸಾಗುತ್ತದೆ. ತೋಳಿನ ಮೇಲೆ ಉಗುರಿನಿಂದ ಒಂದು ಗೆರೆ ಎಳೆದರೆ ಬೂದಿಯಲ್ಲಿ ಗೀಚಿದಂತೆ ಬಿಳಿ ಗೆರೆ ಮೂಡುತ್ತದೆ. ಮಧ್ಯಾಹ್ನದ ಊಟದ ಬಿಡುವು ಮುಗಿದು ಗಂಟೆ ಹೊಡೆದ ಕೂಡಲೇ ದೊಡ್ಡ ಹುಡುಗರು ವರಾಂಡದಲ್ಲಿ ಸಾಲಾಗಿ ತೋಳು ಚಾಚಿ ನಿಲ್ಲಬೇಕು. ಹೆಡ್‌ಮಾಸ್ತರರು ಹೆಬ್ಬೆರಳಿನ ಉಗುರು ಎಳೆಯುತ್ತ ಸಾಲಿನುದ್ದಕ್ಕೂ ಬರುತ್ತಿದ್ದರು. ಗೆರೆ ಬಿಳಿಯಾದರೆ ಅಂಗೈ ಕೆಂಪು. ವಾದವಿಲ್ಲ, ಸಾಕ್ಷಿಯಿಲ್ಲ.

ಕೆಲವು ವಾರ ವರಾಂಡದಲ್ಲಿ ಅಳುವೋ ಅಳು. ಆಮೇಲೆ ಬಿಳಿ ಗೆರೆಗಳು ಕಡಿಮೆಯಾದವು. ಆಮೇಲೆ ನಿಂತೇ ಹೋದವು. ಹೆಡ್‌ಮಾಸ್ತರರ ಮುಖ ನೋಡಬೇಕಿತ್ತು! "ನೋಡಿದ್ರೇನ್ರಿ ಟೀಚರ್, ಹೆಂಗ ಬುದ್ಧಿ ಬಂತು ಮಕ್ಕಳಿಗಿ" ಎಂದು ಬರಲನ್ನು ಬಾಗಿಲ ಮೂಲೆಗೆ ಒರಗಿಸಿ ಚಹಾ ಕುಡಿದರು.

ಬುದ್ಧಿ ಬಂದದ್ದು ನಿಜ. ಆದರೆ ಯಾವ ಬುದ್ಧಿ ಎನ್ನುವುದು ನಮಗೆ ಗೊತ್ತಿರಲಿಲ್ಲ. ಅವರು ಚಾಪೆ ಕೆಳಗೆ ತೂರಿದರೆ ಹುಡುಗರು ರಂಗೋಲಿ ಕೆಳಗೆ ತೂರಿದ್ದರು. ಯಾವ ಪುಣ್ಯಾತ್ಮ ಕಂಡುಹಿಡಿದನೋ, ಈಜಿ ಬಂದು ತೋಳಿಗೆ ಕುಸುಬೆ ಎಣ್ಣೆ ತಿಕ್ಕಿಕೊಂಡರೆ ಗೆರೆ ಮೂಡುವುದಿಲ್ಲ! ಮನೆಯಿಂದ ಔಷಧದ ಖಾಲಿ ಬಾಟಲಿಗಳಲ್ಲಿ ಎಣ್ಣೆ ಕದ್ದು ತಂದು ಕಾಲುವೆಯ ಸೇತುವೆ ಹತ್ತಿರ ಕಲ್ಲಿನ ಸಂದಿಯಲ್ಲಿ ಇಟ್ಟಿದ್ದರು. ಬಿಡುವು ಮುಗಿದ ಮೇಲೆ ನನ್ನ ತರಗತಿಯ ತುಂಬ ಕುಸುಬೆ ಎಣ್ಣೆಯ ವಾಸನೆ. ಈ ಊರಿನ ತಾಯಂದಿರು ಮಕ್ಕಳನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರಪ್ಪ ಎಂದುಕೊಂಡಿದ್ದೆ ನಾನು. ಆ ತಾಯಂದಿರ ಅತ್ತೆಯರೋ, ಎಣ್ಣೆ ಇಷ್ಟು ಬೇಗ ಹೇಗೆ ತೀರುತ್ತದೆಂದು ಮನೆಮನೆಯಲ್ಲಿ ಸೊಸೆಯಂದಿರ ಮೇಲೆ ರೇಗುತ್ತಿದ್ದರಂತೆ.

ಶಿವರಾತ್ರಿ ಕಳೆದು ಬಿಸಿಲು ಏರಿದ ದಿನಗಳು. ಊಟದ ಬಿಡುವು ಮುಗಿಯುವ ಗಂಟೆ ಇನ್ನೂ ಹೊಡೆದಿರಲಿಲ್ಲ. ನಾನು ಹೆಡ್‌ಮಾಸ್ತರರ ಕೋಣೆಯಲ್ಲಿ ಕೂತು ಹಾಜರಿ ಬರೆಯುತ್ತಿದ್ದೆ. ಐದನೆಯ ತರಗತಿಯ ಮೂವರು ಹುಡುಗರು ಬಾಗಿಲಲ್ಲಿ ಬಂದು ನಿಂತರು. ಏದುಸಿರು. ತಲೆಗೂದಲು ಒದ್ದೆ. ತೋಳುಗಳು ಎಣ್ಣೆಯಿಂದ ಮಿರಮಿರ ಮಿನುಗುತ್ತಿದ್ದವು. ಮುಂದಿನವನು ಬಾಯಿ ತೆರೆದ, ಮಾತು ಹೊರಡಲಿಲ್ಲ.

ಹೆಡ್‌ಮಾಸ್ತರರು ಕುರ್ಚಿಯಿಂದ ಎದ್ದರು. ಅವನ ತೋಳು ಹಿಡಿದರು. ಉಗುರು ಎಳೆದರು.

ನಾನು ಇದನ್ನು ಎಷ್ಟೋ ವರ್ಷ ಯಾರಿಗೂ ಹೇಳಿಲ್ಲ. ಅವರು ಬೇಕೆಂದು ಮಾಡಲಿಲ್ಲ. ಕೈ ತಾನಾಗಿ ಹೋಯಿತು. ದಿನವೂ ಮಾಡಿ ಮಾಡಿ ಆ ಕೈಗೆ ಅದೊಂದೇ ಗೊತ್ತಿತ್ತು: ಹುಡುಗ ಎದುರಿಗೆ ಬಂದ, ತೋಳು ಹಿಡಿ, ಗೆರೆ ಎಳೆ. ಗೆರೆ ಮೂಡಲಿಲ್ಲ. ಎರಡನೆಯವನ ತೋಳಿಗೆ ಕೈ ಹಾಕಿದರು. ಆಗ ಹಿಂದೆ ನಿಂತಿದ್ದ ಮೂರನೆಯವನು ಚೀರಿದ. "ಸರ್, ಅಂವ ಕಬ್ಬಿಣದ ಸಳಿ ಹಿಡ್ಕೊಂಡಾನ್ರಿ! ಬ್ರಿಜ್ ಕೆಳಗ! ಬರ್ರಿ ಸರ್, ಕೈ ಜಾರ್‍ತೈತಂತ!"

ಯಾರು ಎಂದು ಕೇಳಬೇಕಾಗಿರಲಿಲ್ಲ. ಯಾವಾಗಲೂ ನಾಲ್ವರು ಜೊತೆಗಿರುತ್ತಿದ್ದರು, ಈಗ ಬಂದವರು ಮೂವರು. ಹೆಡ್‌ಮಾಸ್ತರರು ಧೋತರದ ತುದಿ ಎತ್ತಿ ಕಟ್ಟಿ ಓಡಿದರು. ಅಷ್ಟು ದೊಡ್ಡ ಮನುಷ್ಯ ಹಾಗೆ ಓಡುವುದನ್ನು ನಾನು ಕಂಡಿರಲಿಲ್ಲ. ನಾನೂ ಹೊಲದ ಬದುವಿನ ಮೇಲೆ ಎಡವುತ್ತ ಹಿಂದೆ ಓಡಿದೆ. ಸೇತುವೆಯ ಕಂಬದಿಂದ ಕಟ್ಟುವಾಗ ಬಿಟ್ಟ ಒಂದು ಕಬ್ಬಿಣದ ಸಲಾಕೆ ನೀರಿನ ಮೇಲೆ ಚಾಚಿಕೊಂಡಿತ್ತು. ಸಲಾಕೆ ಇತ್ತು. ಹುಡುಗ ಇರಲಿಲ್ಲ.

ಊರಿನವರು ಬಂದರು, ಹಗ್ಗ ಬಂತು, ಕಾಲುವೆಯ ಗೇಟು ಕಾಯುವವನು ನೀರು ಇಳಿಸಿದ. ಹುಡುಗ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಬಹಳ ಕೆಳಗೆ... ಅದನ್ನು ಬರೆಯಲಾರೆ.

ಆ ಸಂಜೆ ಎಲ್ಲರೂ ಕಾಲುವೆಯ ಉದ್ದಕ್ಕೂ ಹುಡುಕುತ್ತಿದ್ದಾಗ ಹೆಡ್‌ಮಾಸ್ತರರು ಆ ಮೂವರನ್ನು ಜಾಲಿಗಿಡದ ಹತ್ತಿರ ಕೂಡಿಸಿಕೊಂಡರು. ನಾನೂ ಇದ್ದೆ. ಮೆತ್ತಗೆ ಕೇಳಿದರು. "ಅಂವ ಸಳಿ ಹಿಡಕೊಂಡಮ್ಯಾಲ ನೀವು ಎತ್ಲಾಗ ಹೋಗಿದ್ರಪಾ?"

"ಎಲ್ಲೂ ಹೋಗಿಲ್ರಿ ಸರ್" ಎಂದ ದೊಡ್ಡವನು. "ಎಣ್ಣಿ ಹಚ್ಕೋಳಾಕತ್ತಿದ್ವಿರಿ. ಹಂಗಾ ಬಂದ್ರ ನೀವು ಹೊಡೀತೀರಂತ..."

ಹೆಡ್‌ಮಾಸ್ತರರು ತಮ್ಮ ಹೆಬ್ಬೆರಳಿನ ಉಗುರನ್ನೇ ನೋಡತೊಡಗಿದರು. ಹುಡುಗ ತನ್ನದೇನೋ ತಪ್ಪಾಯಿತೆಂದು ತಿಳಿದು ಅವಸರದಲ್ಲಿ ಮತ್ತೆ ಹೇಳಿದ. "ಅಂವನಾ ಅಂದನ್ರಿ ಸರ್. ಜಲ್ದಿ ಹಚ್ಕೊಂಡು ಹೋಗ್ರೋ, ಸರ್‌ಗ ಹೇಳ್ರೋ ಅಂತ ಅಂವನಾ ಅಂದ."

ನೀರಿನಲ್ಲಿ ಜೋತು ಬಿದ್ದ ಮಗುವಿಗೂ ನೀರಿಗಿಂತ ಬರಲಿನ ನೆನಪೇ ದೊಡ್ಡದಾಗಿತ್ತು. ನಾವು ಕಲಿಸಿದ ಪಾಠ ಅವನು ಮರೆತಿರಲಿಲ್ಲ. ನಾನು ಆ ಹೊತ್ತು ಹೆಡ್‌ಮಾಸ್ತರರ ಮುಖ ನೋಡಲಿಲ್ಲ, ನೋಡಲು ಧೈರ್ಯವಾಗಲಿಲ್ಲ.

ಮಣ್ಣು ಆಗಿ ಕೆಲವು ದಿನಗಳಾದ ಮೇಲೆ ಆ ಹುಡುಗನ ತಂದೆ ಶಾಲೆಗೆ ಬಂದ. ಒಂದು ಕೈಯಲ್ಲಿ ಎರಡನೆಯ ತರಗತಿಯಲ್ಲಿದ್ದ ಸಣ್ಣ ಮಗ, ಇನ್ನೊಂದು ಕೈಯಲ್ಲಿ ಆಗ ತಾನೇ ಕಡಿದು ಸವರಿದ ಹುಣಸೆ ಬರಲು. ನಾನು ಜಗಳಕ್ಕೆ ಬಂದನೆಂದುಕೊಂಡೆ. ಅವನು ಬರಲನ್ನು ಮೇಜಿನ ಮೇಲಿಟ್ಟು ಕೈ ಮುಗಿದ. "ನಿಮ್ದೇನೂ ತಪ್ಪಿಲ್ರಿ ಸರ್. ನೀವು ಹೊಡದ್ರೂ ಕೇಳಲಿಲ್ಲ ಅಂವ. ಇಂವಗ ಇನ್ನಾ ಜೋರ ಹೊಡೀರಿ. ಕಾಲ ಮುರದ್ರೂ ನಾ ಯಾಕಂತ ಕೇಳಂಗಿಲ್ಲ." ಸಣ್ಣವನು ಅಪ್ಪನ ಧೋತರ ಹಿಡಿದು ಆ ಬರಲನ್ನೇ ನೋಡುತ್ತಿದ್ದ.

ಊರಿಗೆ ಊರೇ ಹಾಗೆ ಹೇಳಿತು. ಮಾಸ್ತರು ಇಷ್ಟು ಹೊಡೆದರೂ ಹೋದವಲ್ಲ ಹುಡುಗರು, ಏಟು ಸಾಲಲಿಲ್ಲ. ಒಬ್ಬರಾದರೂ ಅವರನ್ನು ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತೋ ಏನೋ. ಎಲ್ಲರೂ ಕೈ ಮುಗಿದರು. ತಂದೆ ಹೋದ ಮೇಲೆ ಅವರು ನನಗೆ ಹೇಳಿದರು. "ಆ ತಾಯಿಗಿ ನಾನಾ ಹೇಳಬೇಕ್ರಿ ಟೀಚರ್. ನಿನ್ನ ಮಗ ನೀರಿಗಲ್ಲ, ನನಗ ಹೆದರಿ ಹೋದ ಅಂತ. ಹುಡುಗ್ರಿಗಿ ಯಾರ ಮುಂದೂ ಹೇಳಬ್ಯಾಡ್ರಿ ಅನ್ನಾಕ ಹೋದೆ. ಬಾಯಿಗಿ ಬಂದದ್ದು ನುಂಗೀನಿ. ಅದೂ ಮತ್ತ ಮುಚ್ಚಿಡಾಕ ಕಲಿಸಿದಂಗಾತದ."

ಹೇಳಬೇಕೆಂದು ಹೋದರು. ನಾನೂ ಒಂದು ಸಲ ಜೊತೆಗೆ ಹೋಗಿದ್ದೆ. ಆ ತಾಯಿ ಭತ್ತದ ಮಡಿಯಲ್ಲಿ ಕಳೆ ತೆಗೆದು ಆಗ ತಾನೇ ಬಂದಿದ್ದಳು, ಮೊಣಕಾಲವರೆಗೂ ಕೆಸರು. ಚಾಪೆ ಹಾಸಿದಳು. ಹೆಡ್‌ಮಾಸ್ತರರು ಕೂತು, ಈ ಸಲ ನೀರಿನ ಪಾಳಿ ನಿಮಗೆ ಯಾವಾಗ ಬರುತ್ತದೆ ಎಂದು ಕೇಳಿದರು, ಭತ್ತಕ್ಕೆ ರೋಗ ಬಿದ್ದಿದೆಯೇ ಎಂದು ಕೇಳಿದರು, ಸಣ್ಣವನು ಮಗ್ಗಿ ಚೆನ್ನಾಗಿ ಹೇಳುತ್ತಾನೆ ಎಂದರು. ಆಕೆ ಎಲ್ಲದಕ್ಕೂ ಹೌದ್ರಿ, ಇಲ್ರಿ ಎಂದಳು. ಹೇಳಬೇಕೆಂದು ಬಂದದ್ದು ಹಾಗೆಯೇ ಉಳಿಯಿತು. ಎದ್ದು ಬಂದೆವು. ಹಾದಿಯುದ್ದಕ್ಕೂ ಅವರು ತಲೆ ಎತ್ತಲಿಲ್ಲ. ಪ್ರತಿ ಅಮಾವಾಸ್ಯೆಗೆ ಒಮ್ಮೆ ಹೋಗುತ್ತಿದ್ದರು, ಹಾಗೆಯೇ ಬರುತ್ತಿದ್ದರು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗುವುದೂ ಒಂದು ರೂಢಿಯೇ, ಬೇಗ ಬೇರು ಬಿಡುತ್ತದೆ.

ಶಾಲೆಯಲ್ಲಿ ಮಾತ್ರ ಅವರು ಬೇರೆಯಾದರು. ಬರಲು ಮುಟ್ಟಲಿಲ್ಲ. ವರಾಂಡದ ಸಾಲು ನಿಂತಿತು. ಆದರೆ ಹುಡುಗರು ನಂಬಬೇಕಲ್ಲ! ಅವರು ಸುಣ್ಣದ ತುಂಡಿಗೆ ಕೈ ಚಾಚಿದರೂ ಮುಂದಿನ ಸಾಲಿನವರು ತಲೆ ತಗ್ಗಿಸುತ್ತಿದ್ದರು. ಕಾಲುವೆಗೆ ಹೋಗದವರೂ ಎಣ್ಣೆ ಹಚ್ಚಿಕೊಂಡೇ ಬರುತ್ತಿದ್ದರು. ಹೆಡ್‌ಮಾಸ್ತರರಿಗೂ ಸುಲಭವಿರಲಿಲ್ಲ. ಬಿಡುವು ಮುಗಿದ ಗಂಟೆಯಾದ ಕೂಡಲೇ ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕೂತು, ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಳ್ಳುತ್ತಿದ್ದರು. ಇಷ್ಟು ದಿನದ ರೂಢಿ ಒಂದೇ ದಿನಕ್ಕೆ ಕೈ ಬಿಡುತ್ತದೆಯೇ? ಅವರ ಸಂಕಟ ನೋಡಿ ನನಗೆ ಕನಿಕರ, ಒಮ್ಮೊಮ್ಮೆ ಸಿಟ್ಟು. ಕೆಟ್ಟ ಮೇಲೆ ಬುದ್ಧಿ ಬಂದರೆ ಯಾರಿಗೆ ಬಂತು ಎನಿಸುತ್ತಿತ್ತು.

ಹೆದರಿಕೆ ಬಿಡಿಸಬೇಕೆಂದು ಅವರು ಹೊಸ ದಾರಿ ಹಿಡಿದರು. ಹುರಿದ ಶೇಂಗಾ, ಬೆಲ್ಲ ತುಂಬಿದ ಒಂದು ಡಬ್ಬಿ ತಂದು ಕಪಾಟಿನಲ್ಲಿಟ್ಟರು. ಯಾರು ಕಾಲುವೆಗೆ ಹೋಗಿದ್ದು ಖರೇ ಹೇಳುತ್ತಾರೋ ಅವರಿಗೆ ಏಟಿಲ್ಲ, ಒಂದು ಮುಷ್ಟಿ ಶೇಂಗಾ. ಮೊದಲ ಕೆಲವು ದಿನ ಯಾರೂ ಬರಲಿಲ್ಲ, ಇದೊಂದು ಬಲೆ ಎಂದುಕೊಂಡರು. ಆಮೇಲೆ ಒಬ್ಬ ಬಂದ. ಸಿಕ್ಕಿತು. ಮರುದಿನ ನಾಲ್ವರು ಬಂದರು. ವಾರ ತುಂಬುವುದರೊಳಗೆ ಅರ್ಧ ಶಾಲೆ ಕೋಣೆಯ ಮುಂದೆ ಸಾಲು ಹಚ್ಚಿತ್ತು! ನೀರು ಕಂಡರೆ ಹೆದರಿ ಅಳುವ, ಅವ್ವ ಜಳಕ ಮಾಡಿಸಲು ಅಟ್ಟಿಸಿಕೊಂಡು ಹೋಗಬೇಕಾದ ಒಂದನೆಯ ತರಗತಿಯ ಕೂಸು ಬಂದು ನಿಂತು, "ಸರ್, ನಾ ನಿನ್ನಿ ಕಾಲುವಿ ಆ ದಂಡಿಗಿ ಈಜಿ ಬಂದೀನ್ರಿ" ಎಂದಿತು. ನಾನು ಬಾಯಿಗೆ ಸೆರಗು ಅಡ್ಡ ಹಿಡಿದೆ. ಆ ದುರಂತದ ನಂತರ ಹೆಡ್‌ಮಾಸ್ತರರು ನಕ್ಕದ್ದು ಅಂದೇ ಮೊದಲು. ಊರಿನವರಿಗೆ ಮಾತ್ರ ನಗು ಬರಲಿಲ್ಲ. ಕಾಲುವೆಗೆ ಬಿದ್ದವರಿಗೆ ಬೆಲ್ಲ ಹಂಚುವ ಮಾಸ್ತರನನ್ನು ಎಲ್ಲಿಯಾದರೂ ಕಂಡಿರೇನು ಎಂದು ಕಟ್ಟೆಯ ಮೇಲೆ ಆಡಿಕೊಂಡರು.

"ಹೊಡದ್ರೂ ಸುಳ್ಳ ಕಲೀತಾವ, ಕೊಟ್ರೂ ಸುಳ್ಳ ಕಲೀತಾವ. ಏನ ಮಾಡ್ಲಿ ಹೇಳ್ರಿ ಟೀಚರ್?" ಎಂದು ಕೇಳಿದರು ಒಂದು ದಿನ. ನನಗೆ ಏನು ಗೊತ್ತು? ಯಾವುದಕ್ಕೂ ಅಲ್ಲದೆ ಎಲ್ಲರಿಗೂ ಕೊಟ್ಟುಬಿಡಿ ಎಂದೆ, ಆ ಡಬ್ಬಿಯ ಕಾಟ ತಪ್ಪಲಿ ಎಂದು. ಅವರು ಅದನ್ನೇ ಮಾಡಿದರು. ಶಾಲೆ ಬಿಡುವಾಗ ಬಾಗಿಲಲ್ಲಿ ನಿಂತು ಓದಿದವರಿಗೂ ಓದದವರಿಗೂ ಒಂದೇ ಮುಷ್ಟಿ ಹಾಕುತ್ತಿದ್ದರು. ಹಾಕುತ್ತ, ಇವತ್ತು ಏನಾಯಿತು ಎಂದು ಕೇಳುತ್ತಿದ್ದರು. ಹೇಳಿದ್ದನ್ನು ಸುಮ್ಮನೆ ಕೇಳುತ್ತಿದ್ದರು. ಬೈಯಬೇಕೆನಿಸಿದಾಗ ಅವರ ಕೊರಳಿನ ನರ ಉಬ್ಬುವುದು ನನಗೆ ಕಾಣುತ್ತಿತ್ತು. ಬೈಯುತ್ತಿರಲಿಲ್ಲ. ರವಿವಾರ ತಾವೇ ದೊಡ್ಡ ಹುಡುಗರನ್ನು ಊರ ಬಾವಿಗೆ ಕರೆದೊಯ್ದು, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸತೊಡಗಿದರು. ಶಾಲೆಯ ಗಂಟೆಯ ಪಕ್ಕದಲ್ಲಿ ಉದ್ದದ ಹಗ್ಗವೊಂದನ್ನು ತೂಗುಹಾಕಿದರು.

ತರಗತಿಯಲ್ಲಿ ಎಣ್ಣೆಯ ವಾಸನೆ ಯಾವಾಗ ನಿಂತಿತೆಂದು ನನಗೆ ನೆನಪಿಲ್ಲ. ಹೊಡೆತ ಕಲಿಸಿದ್ದನ್ನು ಕಲಿಯಲು ಮಕ್ಕಳಿಗೆ ಕೆಲವು ವಾರ ಸಾಕಾಗಿದ್ದವು. ಅದನ್ನು ಮರೆಯಲು ಎರಡು ಸುಗ್ಗಿ ಬೇಕಾದವು.

ಅದಾದ ಮೇಲೆ ಒಂದು ಮಧ್ಯಾಹ್ನ, ಆರನೆಯ ತರಗತಿಯ ಒಬ್ಬ ಹುಡುಗಿ ಬಟ್ಟೆಯಿಂದ ನೀರು ಸುರಿಸುತ್ತ ನೇರವಾಗಿ ಹೆಡ್‌ಮಾಸ್ತರರ ಕೋಣೆಗೇ ನುಗ್ಗಿದಳು. ಬಾಗಿಲಲ್ಲಿ ನಿಲ್ಲಲಿಲ್ಲ, ಮುಖ ಒರೆಸಿಕೊಳ್ಳಲಿಲ್ಲ. "ಸರ್, ನಾನಾ ಕರಕೊಂಡು ಹೋಗಿದ್ದೆ! ತಮ್ಮ ಬಿದ್ದಾನ್ರಿ, ಜಲ್ದಿ ಬರ್ರಿ!" ಎಂದು ಅವರ ತೋಳು ಹಿಡಿದು ಎಳೆದಳು. ಅವರು ಹಗ್ಗ ಕಿತ್ತುಕೊಂಡು ಓಡಿದರು. ಕೂಸು ದಂಡೆಯ ಪಾಚಿಗೆ ಉಗುರು ಊರಿ ತೇಲುತ್ತ ಮುಳುಗುತ್ತ ಇತ್ತು. ಬಾವಿಯಲ್ಲಿ ಈಜು ಕಲಿತ ಇಬ್ಬರು ಹುಡುಗರು ಹಗ್ಗ ಸುತ್ತಿಕೊಂಡು ಇಳಿದು ಎತ್ತಿದರು. ಕೂಸು ನೀರು ಕಾರಿತು, ಕೆಮ್ಮಿತು, ಅತ್ತಿತು. ಆ ಅಳು ಕೇಳಿ ನಾನು ಅಲ್ಲಿಯೇ ನೆಲಕ್ಕೆ ಕೂತು ಅತ್ತೆ.

ಹೆಡ್‌ಮಾಸ್ತರರು ಆ ಹುಡುಗಿಯ ತಲೆಯ ಮೇಲೆ ಕೈಯಿಟ್ಟು, "ಛಲೋ ಮಾಡ್ದಿ ನನ್ನವ್ವಾ, ಹಂಗಾ ಓಡಿ ಬಂದಿ" ಎಂದರು. ಆಮೇಲೆ ಸೇತುವೆಯ ಕಡೆ ನಡೆದು ಹೋಗಿ ಅಲ್ಲಿ ಒಬ್ಬರೇ ಬಹಳ ಹೊತ್ತು ನಿಂತರು. ನಾವು ಯಾರೂ ಅತ್ತ ಹೋಗಲಿಲ್ಲ.

ನನಗೆ ವರ್ಗವಾಯಿತು, ರಾಮಸಮುದ್ರದ ಕಡೆಗೆ ಹೋದೆ. ಅವರು ನಿವೃತ್ತರಾಗಿ ತಮ್ಮ ಊರು ಸೇರಿದರು, ಅಲ್ಲಿಂದಲೂ ಆ ತಾಯಿಯ ಮನೆಗೆ ಹೋಗಿಬರುತ್ತಿದ್ದರು. ಎಲ್ಲಿಯಾದರೂ ಮದುವೆಯಲ್ಲಿ ಕಂಡರೆ ನಾನು ಕಣ್ಣಿನಲ್ಲೇ ಕೇಳುತ್ತಿದ್ದೆ, ಆಕೆಗೆ ಹೇಳಿದಿರಾ ಎಂದು. ಅವರು ಇಲ್ಲವೆಂದು ತಲೆಯಾಡಿಸುತ್ತಿದ್ದರು. ಆಮೇಲೆ ಆಮೇಲೆ ನಾನು ಕೇಳುವುದನ್ನೂ ಬಿಟ್ಟೆ. ವಯಸ್ಸಾದವರನ್ನು ಎಷ್ಟು ಸಲ ಅದೇ ಮುಳ್ಳಿನ ಮೇಲೆ ನಿಲ್ಲಿಸುವುದು?

ಅವರ ಮಣ್ಣಿಗೆ ಹೋಗಿದ್ದೆ. ಎಷ್ಟೊಂದು ಶಿಷ್ಯರು ಬಂದಿದ್ದರು! ಹೊಟ್ಟೆ ಬಂದವರು, ತಲೆ ನರೆತವರು. ಒಬ್ಬೊಬ್ಬರಾಗಿ ಎದ್ದು ನಿಂತು ಮಾತಾಡಿದರು. ಎಲ್ಲರದೂ ಒಂದೇ ಮಾತು. "ಏನ್ ಹೊಡೀತಿದ್ರು ಅಂತೀರಿ! ಆ ಏಟಿನಿಂದ್ಲೇ ನಾವು ಮನುಷ್ಯಾರಾದ್ವಿ. ಈಗಿನ ಮಾಸ್ತರಿಗಿ ಆ ಕೈ ಎಲ್ಲಿ ಬರಬೇಕು?" ಮುಷ್ಟಿ ಶೇಂಗಾ ಯಾರಿಗೂ ನೆನಪಿರಲಿಲ್ಲ, ಅಥವಾ ನೆನಪಿದ್ದರೂ ಸಾವಿನ ಮನೆಯಲ್ಲಿ ಹೇಳುವಂಥ ದೊಡ್ಡ ಮಾತೆನಿಸಲಿಲ್ಲ. ಅವರು ಯಾವುದನ್ನು ಬಿಡಲು ಅಷ್ಟು ಸಂಕಟಪಟ್ಟರೋ ಅದರಿಂದಲೇ ಅವರನ್ನು ಹೊಗಳಿ ಮಣ್ಣು ಮಾಡಿದರು. ನನ್ನ ಮೈ ಉರಿಯಿತು. ಎದ್ದು ಹೇಳಬೇಕೆಂದರೆ, ಆ ಮಾತು ಮೊದಲು ಕೇಳಬೇಕಾದವಳು ಅಲ್ಲಿ ಇರಲಿಲ್ಲ. ಸುಮ್ಮನೆ ಬಸ್ಸು ಹತ್ತಿ ಬಂದೆ.

ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತವಳು ಅವತ್ತೇ ನಿರ್ಧಾರ ಮಾಡಿದೆ. ಅವರು ಹೇಳಲಾಗದೆ ಹೋದದ್ದನ್ನು ನಾನಾದರೂ ಹೇಳಬೇಕು. ಇನ್ನು ತಡ ಮಾಡಿದರೆ ಕೇಳುವವಳೂ ಇರುವುದಿಲ್ಲ, ಹೇಳುವವಳೂ ಇರುವುದಿಲ್ಲ. ಮರುದಿನ ಆ ಊರಿಗೆ ಹೋದೆ.

ತಾಯಿ ಇದ್ದಳು. ಹಣ್ಣು ಹಣ್ಣು ಮುದುಕಿ. ಗಂಡ ತೀರಿಹೋಗಿದ್ದ. ಅಂದು ಅಪ್ಪನ ಧೋತರ ಹಿಡಿದು ನಿಂತಿದ್ದ ಸಣ್ಣ ಮಗ ಈಗ ಮನೆಯ ಯಜಮಾನ. ಸೊಸೆ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮುದುಕಿ ನನ್ನ ಗುರುತು ಹಿಡಿದು ಗಲ್ಲ ಸವರಿದಳು. "ಕುಂಡ್ರಿ ಟೀಚರ್. ದೊಡ್ಡ ಸರ್ ಹೋದ್ರಂತಲ್ರಿ" ಎಂದಳು.

ನಾನು ಹಾದಿಯುದ್ದಕ್ಕೂ ಮಾತುಗಳನ್ನು ಕೂಡಿಸಿಕೊಂಡು ಬಂದಿದ್ದೆ. ಹೇಗೋ ತೆಗೆದೆ. "ಅವ್ವಾ, ಅವರು ನಿಮ್ಮ ಮುಂದ ಒಂದು ಮಾತು ಹೇಳಬೇಕಂತ ಬಾಳ ಇತ್ತು. ಅವತ್ತ ಹುಡುಗ್ರು ಯಾಕ ತಡಾ ಮಾಡಿದ್ರಂತ..."

"ಗೊತ್ತೈತ್ರಿ" ಎಂದಳು.

"ಹೇಳಿದ್ರೇನು?"

"ಅವರು ಹೇಳೂಕಿಂತ ಮೊದಲಾ ಗೊತ್ತಿತ್ರಿ. ಆ ಮೂರು ಹುಡುಗ್ರೊಳಗ ಒಬ್ಬಂವ ತಿಂಗಳ ತುಂಬೂದ್ರಾಗ ಬಂದು ನನ್ನ ಕಾಲ ಹಿಡಕೊಂಡು ಎಲ್ಲಾ ಹೇಳಿ ಅತ್ತಿದ್ದ."

ಹಾಗಾದರೆ ಆ ಎಲ್ಲ ಅಮಾವಾಸ್ಯೆಗಳಲ್ಲಿ, ಅವರು ಚಾಪೆಯ ಮೇಲೆ ಕೂತು ನೀರಿನ ಪಾಳಿಯ ಮಾತಾಡುತ್ತಿದ್ದಾಗ, ಆಕೆಗೆ ಗೊತ್ತಿತ್ತು. "ಮತ್ತ ನೀವಾ ಯಾಕ ಕೇಳಲಿಲ್ಲವ್ವಾ?" ಎಂದೆ.

"ಅವರಾ ಹೇಳ್ತಾರೇನಂತ ಕಾದೆ ಟೀಚರ್. ಸಿಟ್ಟ ಇತ್ತು. ಬಾಳ ಸಿಟ್ಟಿತ್ತು. ಬರ್ತಿದ್ರು, ಕುಂಡ್ರತಿದ್ರು, ಹೋಗ್ತಿದ್ರು. ಹೋದ ವರ್ಷ ಬಂದಾಗ ಕೋಲ ಹಿಡಕೊಂಡು ಬಂದಿದ್ರು, ನಡ್ಯಾಕ ಆಗ್ತಿದ್ದಿಲ್ಲ. ಕುಂಡ್ರಲಿಲ್ಲ. ನಿಂತಾ ಹೇಳಿದ್ರು, ಎಲ್ಲಾ ಹೇಳಿದ್ರು. ನಾ ಒಂದಾ ಮಾತ ಕೇಳಿದೆ. ಸರ್, ನನ್ನ ಮಗ ಅವತ್ತ ದಂಡಿಗಿ ಹತ್ತಿ ಬಂದಿದ್ರ ಹೊಡೀತಿದ್ರೇನ್ರಿ ಅಂದೆ."

"ಏನಂದ್ರು?"

"ಹೌದವ್ವಾ, ಹೊಡೀತಿದ್ದೆ ಅಂದ್ರು. ಸುಳ್ಳ ಹೇಳಲಿಲ್ಲ." ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೊಡಸ್ಕೊಂಡು ಅಳಕೋತ ಮನಿಗಿ ಬರ್ತಿದ್ನಲ್ರೀ ಸರ್ ಅಂದೆ. ಅಷ್ಟಾ ಅಂದೆ. ನನ್ನ ಮುಂದ ಸಣ್ಣ ಕೂಸಿನಂಗ ಅತ್ರು. ನನಗೂ ತಡೀಲಿಲ್ಲ. ನಾನಾ ಕೈ ಹಿಡದು ಕುಂಡ್ರಿಸಿದೆ."

ಅಂಗಳದಲ್ಲಿ ಸೊಸೆ ಮೊರ ಕೆಳಗಿಟ್ಟು ಒಳಗೆ ಹೋದಳು. ನಾನು ಮುದುಕಿಯ ಕೈ ಹಿಡಿದುಕೊಂಡೆ. ಅವರಿಗೆ ಹಗುರಾಗಿತ್ತಲ್ಲ, ಹಗುರಾಗಿಯೇ ಹೋದರಲ್ಲ ಎಂಬ ಸಮಾಧಾನ ನನಗೆ. ಅದನ್ನೇ ಹೇಳಿದೆ. ಆಕೆ ಹೌದೆಂದು ತಲೆಯಾಡಿಸಿದಳು. ಆದರೆ ಆಕೆಯ ಕಣ್ಣುಗಳು ತುಂಬಿದ್ದವು.

"ಅವರಪ್ಪ ಹೋಗ್ಯಾನ. ತಮ್ಮಗ ಅಣ್ಣನ ಮಾರಿ ನೆನಪಿಲ್ಲ. ಸೊಸಿ ಅಂವನ್ನ ನೋಡಿದಾಕಿನಾ ಅಲ್ಲ" ಎಂದಳು. "ನನ್ನ ಮಗನ್ನ ನೆನಸಿಕೊಂಡು ಈ ಮನಿಗಿ ಬರಾಂವ ಅಂದ್ರ ಅವರೊಬ್ಬರಾ ಇದ್ರು ಟೀಚರ್. ಇನ್ನ ಯಾರ ಬರ್ತಾರ?"